ಒಂದು ಹೆಂಚಿನಿಂದ ಸಾವಿರದ ಇನ್ನೂರು ಹೆಂಚು

ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವುದನ್ನು ಚಿಕ್ಕಂದಿನಲ್ಲಿ ನೋಡದ ಹಳೇ ಮೈಸೂರಿನವರು ನಮ್ಮ ಸಂಘದಲ್ಲಿ ಯಾರೂ ಇರಲಾರರು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಎರಡು ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಹದಕ್ಕೆ ಬಂದ ಪಾಕವನ್ನು ಹೊಯ್ದು, ಆರುವವರೆಗೆ ಕಾದು ಬಿಡಿಸಿದರೆ ಬೆಳ್ಳನೆಯ ಆನೆಯೋ ಗಿಳಿಯೋ ಗೋಪುರವೋ ಹೊರಬರುತ್ತಿತ್ತು. ಆತುರಪಟ್ಟು ಬಿಡಿಸಿದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತಿತ್ತು. ಆ ಸೊಂಡಿಲು ಮಕ್ಕಳ ಪಾಲು. ಕಳೆದ ಒಂದು ವರ್ಷದಿಂದ ನಾವು ನಾಲ್ವರು ಶನಿವಾರ ಶನಿವಾರ ಒಂದು ಗ್ಯಾರೇಜಿನಲ್ಲಿ ಸೇರಿ ಮಾಡುತ್ತಿರುವುದು ಬಹುಮಟ್ಟಿಗೆ ಇದೇ ಕೆಲಸ. ಸಕ್ಕರೆಯ ಬದಲು ರೆಸಿನ್, ಮರದ ಬದಲು ಸಿಲಿಕೋನ್ ರಬ್ಬರ್. ಮುರಿದ ಚೂರನ್ನು ಬಾಯಿಗೆ ಹಾಕಿಕೊಳ್ಳುವಂತಿಲ್ಲ, ಅಷ್ಟೇ ವ್ಯತ್ಯಾಸ.

"ಅಲ್ಲೇನು ಮಾಡುತ್ತೀರಿ?" ಎಂದು ಅನೇಕರು ಕೇಳಿದ್ದಾರೆ. ಈ ಪತ್ರಿಕೆಯ ಸ್ಟೆನ್ಸಿಲ್ ಪುಟಗಳಲ್ಲಿ ಛಾಯಾಚಿತ್ರ ಮೂಡುವುದಿಲ್ಲವಾದ್ದರಿಂದ ಮಾತಿನಲ್ಲೇ ತೋರಿಸಬೇಕಾಗಿದೆ.

ಕೆಲಸ ಹುಟ್ಟಿದ ಬಗೆ

1971ರಲ್ಲಿ ಈ ದೇಶಕ್ಕೆ ಬಂದು, ವೈದ್ಯರಾಗಿ ದುಡಿದು, ಈಗ ನಿವೃತ್ತರಾಗಿರುವ ನಮ್ಮ ಹಿರಿಯ ಸದಸ್ಯರೊಬ್ಬರು ಕಳೆದ ವರ್ಷದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೋಟಿನ ಜೇಬಿನಿಂದ ಒಂದು ಹಳೆಯ ಫೋಟೋ ತೆಗೆದು ತೋರಿಸಿದರು. ಮೈಸೂರು–ಅರಸೀಕೆರೆ ಮೀಟರ್‌ಗೇಜ್ ಹಾದಿಯ ಒಂದು ಚಿಕ್ಕ ಸ್ಟೇಷನ್. 1950ರ ದಶಕದಲ್ಲಿ ಅವರ ತಂದೆಯವರು ಅಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಮೈಸೂರು ಸಂಸ್ಥಾನದ ರೈಲ್ವೆ 1951ರ ಏಪ್ರಿಲಿನಲ್ಲೇ ದಕ್ಷಿಣ ರೈಲ್ವೆಯೊಳಗೆ ಸೇರಿಹೋಗಿದ್ದರೂ ಅವರ ಮನೆಯಲ್ಲಿ ಬಹಳ ಕಾಲ ಅದು "ಮಹಾರಾಜರ ರೈಲು" ಎಂದೇ ಇತ್ತಂತೆ. 1990ರ ದಶಕದಲ್ಲಿ ಹಾದಿ ಬ್ರಾಡ್‌ಗೇಜ್ ಆಯಿತು. ಹಳೆಯ ಕಟ್ಟಡವೂ ಆಗಲೇ ಹೋಯಿತು.

"ಏನ್ರಪ್ಪಾ, ನೀವು ಹುಡುಗರು ರೈಲು, ಸ್ಟೇಷನ್ನು ಅಂತ ಚಿಕ್ಕ ಚಿಕ್ಕದಾಗಿ ಮಾಡ್ತೀರಂತಲ್ಲ, ಇದನ್ನೊಂದು ಮಾಡಿಕೊಡ್ತೀರಾ?" ಎಂದರು. ನಾವು "ಹುಡುಗರು" ನಾಲ್ವರೂ ಐವತ್ತು ದಾಟಿದವರು. "ಆಗಲಿ ಸಾರ್, ನಿಧಾನವಾಗಿ ಮಾಡೋಣ" ಎಂದೆವು. "ನಿಧಾನ ಬೇಡ. ನನ್ನ ಕಣ್ಣು ಮಂಜಾಗ್ತಾ ಇದೆ. ಇನ್ನೆಷ್ಟು ದಿನ ಕಾಣುತ್ತೋ ಗೊತ್ತಿಲ್ಲ. ಕಾಣೋ ಹಾಗಿರುವಾಗ ಮಾಡಿ" ಎಂದರು.

ಆ ಮಾತಿನಿಂದ ಎರಡು ವಿಷಯ ತೀರ್ಮಾನವಾದವು. ಒಂದು, ಮುಂದಿನ ರಾಜ್ಯೋತ್ಸವದೊಳಗೆ ಮುಗಿಯಬೇಕು. ಎರಡು, ಮಾದರಿ ತೀರ ಚಿಕ್ಕದಾಗಬಾರದು. ಆದ್ದರಿಂದ ಇಲ್ಲಿನ ಹವ್ಯಾಸಿಗಳು ಓ ಸ್ಕೇಲ್ ಎಂದು ಕರೆಯುವ ಅಳತೆಯನ್ನು ಆರಿಸಿಕೊಂಡೆವು. ಅದರಲ್ಲಿ ಒಂದು ಅಡಿ ಎಂದರೆ 7 ಮಿಲಿಮೀಟರ್, ಅಂದರೆ ನಿಜವಾದದ್ದರ ನಲವತ್ತಮೂರೂವರೆಯ ಒಂದು ಪಾಲು. ಹತ್ತು ಮೀಟರ್ ಉದ್ದದ ಕಟ್ಟಡ ಅದರಲ್ಲಿ 23 ಸೆಂಟಿಮೀಟರ್ ಆಗುತ್ತದೆ.

ಗೋಡೆ, ಬಾಗಿಲು, ಟಿಕೀಟಿನ ಕಿಂಡಿ, ಇವೆಲ್ಲ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಬಹುದಾದವು. ನಮ್ಮನ್ನು ಕಾಡಿದ್ದು ಮಾಡು. ಮಾಡಿಗೆ ಹೊದಿಸಿದ್ದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ದಕ್ಷಿಣದ ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳ ತಲೆಯ ಮೇಲೆಲ್ಲ ಕುಳಿತ ಹೆಂಚು ಅದು. ಈ ದೇಶದ ಅಂಗಡಿಗಳಲ್ಲಿ ಇಂಗ್ಲಿಷ್ ಸ್ಲೇಟು ಹೊದಿಕೆಯ ಹಾಳೆ ಸಿಗುತ್ತದೆ, ಇಲ್ಲಿನ ಹಳ್ಳಿಮನೆಗಳ ಹೆಂಚಿನ ಹಾಳೆ ಸಿಗುತ್ತದೆ. ನಮ್ಮ ಅಳತೆಗೆ ಮಂಗಳೂರು ಹೆಂಚು ನಾವು ಹುಡುಕಿದ ಒಂದು ಅಂಗಡಿಯಲ್ಲೂ ಸಿಗಲಿಲ್ಲ.

ಇದಕ್ಕೆ ಯಾರನ್ನೂ ದೂರುವಂತಿಲ್ಲ. 1949ರಲ್ಲಿ ಟ್ರಾಕ್ಟರಿನ ಮಾದರಿಯೊಂದಿಗೆ ಆರಂಭಿಸಿದ ಏರ್‌ಫಿಕ್ಸಿನಂಥ ಕಂಪನಿಗಳು ಉಕ್ಕಿನ ಅಚ್ಚಿಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿ ಭಾಗಗಳನ್ನು ತಯಾರಿಸುತ್ತವೆ. ಆ ಅಚ್ಚಿನ ಖರ್ಚು ಹುಟ್ಟಬೇಕಾದರೆ ಸಾವಿರಾರು ಪೆಟ್ಟಿಗೆ ಮಾರಬೇಕು. ಹತ್ತು ಇಪ್ಪತ್ತು ಪ್ರತಿ ಬೇಕಾದವರು ಅಚ್ಚನ್ನು ತಾವೇ ಮಾಡಿಕೊಳ್ಳಬೇಕು. ನೂರೈವತ್ತು ಜನ ಓದುವ ನಮ್ಮ ಪತ್ರಿಕೆ ದೊಡ್ಡ ಮುದ್ರಣಾಲಯಕ್ಕೆ ಹೋಗದೆ ಸೈಕ್ಲೋಸ್ಟೈಲ್ ಆಗುವುದೂ ಇದೇ ಲೆಕ್ಕದಿಂದ.

ರಬ್ಬರಿನ ಗುಣ

ಸಕ್ಕರೆ ಅಚ್ಚಿನ ಮರ ಬಾಗುವುದಿಲ್ಲ. ಆದ್ದರಿಂದ ಅದರಲ್ಲಿ ಒಳಗೆ ಸಿಕ್ಕಿಕೊಳ್ಳುವ ಕೊಕ್ಕೆ, ಸಂದುಗಳನ್ನು ಕೊರೆಯುವಂತಿಲ್ಲ. ಸಿಲಿಕೋನ್ ರಬ್ಬರ್ ಬಾಗುತ್ತದೆ, ಹಿಗ್ಗುತ್ತದೆ, ಬಿಡಿಸಿದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ತನ್ನನ್ನು ಬಿಟ್ಟು ಹೆಚ್ಚು ಕಡಿಮೆ ಬೇರೆ ಯಾವುದಕ್ಕೂ ಅಂಟುವುದಿಲ್ಲ. ಬೆರಳಿನ ಗುರುತು ಬಿದ್ದಿದ್ದರೆ ಅದನ್ನೂ ಹಾಗೆಯೇ ಹಿಡಿದಿಡುತ್ತದೆ. ಪಡಿಯಚ್ಚು ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಾವಿರುವ ಈ ನಾಟಿಂಗ್‌ಹ್ಯಾಮಿಗೂ ಈ ವಸ್ತುವಿಗೂ ಹಳೆಯ ನಂಟು. ಇಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1897ರಿಂದ 1936ರವರೆಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರೆಡರಿಕ್ ಕಿಪ್ಪಿಂಗ್ ಎಂಬವರೇ ಇದಕ್ಕೆ ಸಿಲಿಕೋನ್ ಎಂಬ ಹೆಸರನ್ನು ಬಳಕೆಗೆ ತಂದವರು. ಸಿಲಿಕಾನಿನ ಸಂಯುಕ್ತಗಳ ಮೇಲೆ ದಶಕಗಳ ಕಾಲ ದುಡಿದರೂ ಈ ಶಾಖೆಯಿಂದ ದೊಡ್ಡ ಪ್ರಯೋಜನವೇನೂ ಸದ್ಯಕ್ಕೆ ಕಾಣದು ಎಂಬುದೇ ಕೊನೆಗೆ ಅವರ ಅಭಿಪ್ರಾಯವಾಗಿತ್ತು. ಆದರೆ 1940ರಲ್ಲಿ ಅಮೆರಿಕದ ಯೂಜೀನ್ ರೋಕೋ ಇದನ್ನು ಹೇರಳವಾಗಿ ತಯಾರಿಸುವ ದಾರಿ ಕಂಡುಹಿಡಿದರು. 1969ರಲ್ಲಿ ಚಂದ್ರನ ಮೇಲೆ ಹೆಜ್ಜೆ ಇಟ್ಟ ಬೂಟುಗಳ ಅಡಿಯೂ ಸಿಲಿಕೋನ್ ರಬ್ಬರಿನದೇ. ನಮ್ಮ ಗ್ಯಾರೇಜಿನ ಡಬ್ಬಿಯಲ್ಲಿರುವುದು ಅದೇ ವಂಶದ್ದು.

ಒಂದು ಹೆಂಚು, ಆಮೇಲೆ ಅರವತ್ತು

ನಮ್ಮಲ್ಲೊಬ್ಬರು ಊರಿಗೆ ಹೋದಾಗ ನಿಜವಾದ ಹೆಂಚೊಂದನ್ನೇ ಹೊತ್ತು ತರುವ ಆಸೆಯಲ್ಲಿದ್ದರು. ವಿಮಾನದ ತೂಕದ ಲೆಕ್ಕದಲ್ಲಿ ಉಪ್ಪಿನಕಾಯಿ ಗೆದ್ದು ಹೆಂಚು ಸೋತಿತು. ಅಳತೆಯನ್ನು ಮಾತ್ರ ತಂದರು. ಉದ್ದ 41 ಸೆಂಟಿಮೀಟರ್, ಅಗಲ ಇಪ್ಪತ್ತಮೂರೂವರೆ. ನಮ್ಮ ಸ್ಕೇಲಿನಲ್ಲಿ ಅದು ಒಂಬತ್ತೂವರೆ ಮಿಲಿಮೀಟರಿಗೆ ಐದೂವರೆ, ಹೆಚ್ಚು ಕಡಿಮೆ ಒಂದು ಹುಣಿಸೆಬೀಜದಷ್ಟು.

ಒಂದು ಚದರ ಮೀಟರ್ ಮಾಡಿಗೆ ಸುಮಾರು ಹದಿನೈದು ಹೆಂಚು ಬೇಕು. ನಮ್ಮ ಸ್ಟೇಷನ್ನಿನ ಮಾಡು ಎರಡು ಇಳಿಜಾರೂ ಸೇರಿ ಸುಮಾರು ಎಂಬತ್ತು ಚದರ ಮೀಟರ್. ಅಂದರೆ ಸಾವಿರದ ಇನ್ನೂರು ಹೆಂಚು. ಕೈಯಲ್ಲಿ ಕೊರೆಯುವ ಮಾತೇ ಇಲ್ಲ.

ಆದ್ದರಿಂದ ಒಂದೇ ಒಂದು ಹೆಂಚನ್ನು, ಅದರ ಎರಡು ಕಾಲುವೆ, ನಡುವಿನ ದಿಣ್ಣೆ, ಪಕ್ಕದ ಹೆಂಚಿಗೆ ಕೂರುವ ತುಟಿ ಎಲ್ಲವೂ ಸರಿಯಾಗಿ ಬರುವಂತೆ, ಪ್ಲಾಸ್ಟಿಕ್ ಚೂರುಗಳಿಂದ ಭೂತಗನ್ನಡಿಯ ಕೆಳಗೆ ಮಾಡಿದೆವು. ಎರಡು ವಾರ ಹಿಡಿಯಿತು. ಅದರ ಸುತ್ತ ಪುಟ್ಟ ಗೋಡೆ ಕಟ್ಟಿ ರಬ್ಬರ್ ಹೊಯ್ದು ಮೊದಲ ಅಚ್ಚು ತೆಗೆದೆವು. ಆ ಅಚ್ಚಿನಿಂದ ಒಂದೊಂದಾಗಿ ಅರವತ್ತು ಹೆಂಚು ಎರೆದು, ಅಡ್ಡಕ್ಕೆ ಹತ್ತು, ಉದ್ದಕ್ಕೆ ಆರು ಸಾಲಿನಂತೆ ಹಲಗೆಯ ಮೇಲೆ ಹೊದಿಸಿ ಅಂಟಿಸಿದೆವು. ರಬ್ಬರ್ ಸವೆಯುವ ವಸ್ತುವಾದ್ದರಿಂದ ಇದಕ್ಕೇ ಅಂಥ ಎರಡು ಅಚ್ಚು ಬೇಕಾದವು. ಹೀಗೆ ಹೊದಿಸಿದ ಅಂಗೈಗಿಂತ ಚಿಕ್ಕದಾದ ತುಂಡೇ ಎರಡನೆಯ ಮೂಲ. ಅದರ ಮೇಲೆ ಮತ್ತೆ ರಬ್ಬರ್ ಹೊಯ್ದರೆ ಅರವತ್ತು ಹೆಂಚು ಒಟ್ಟಿಗೆ ಬರುವ ದೊಡ್ಡ ಅಚ್ಚು. ಅದರಿಂದ ಇಪ್ಪತ್ತು ತುಂಡು ಎರೆದರೆ ಸಾವಿರದ ಇನ್ನೂರು. ಕಾಗದದ ಮೇಲೆ ಲೆಕ್ಕ ಬಹಳ ಚೆನ್ನಾಗಿತ್ತು.

ನಮ್ಮ ತಪ್ಪು

ಸಿಲಿಕೋನ್ ರಬ್ಬರಿನಲ್ಲಿ ಎರಡು ಜಾತಿ. ಒಂದು ತವರದ ಸಂಯುಕ್ತದಿಂದ ಗಟ್ಟಿಯಾಗುವುದು, ಇನ್ನೊಂದು ಪ್ಲಾಟಿನಮ್ಮಿನಿಂದ. ತವರದ್ದು ಅಗ್ಗ, ಹೊಂದಿಕೊಂಡು ಹೋಗುವ ಸ್ವಭಾವ. ಆದರೆ ದಿನ ಕಳೆದಂತೆ ತುಸು ಕುಗ್ಗುತ್ತದೆ, ಆಯುಸ್ಸು ಕಡಿಮೆ. ಪ್ಲಾಟಿನಮ್ಮಿನದು ಕುಗ್ಗುವುದು ಬಹಳ ಕಡಿಮೆ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಜೊತೆಗೆ ಅದಕ್ಕೆ ಮಡಿ ಬಹಳ. ಗಂಧಕ ಸೋಕಿದರೆ ಗಟ್ಟಿಯಾಗುವುದಿಲ್ಲ, ತವರ ಸೋಕಿದರೆ ಆಗುವುದಿಲ್ಲ, ಲ್ಯಾಟೆಕ್ಸ್ ಕೈಚೀಲ ಸೋಕಿದರೂ ಆಗುವುದಿಲ್ಲ. ಮೂರು ಆಯಾಮದ ಮುದ್ರಣಯಂತ್ರದಲ್ಲಿ ದ್ರವ ರೆಸಿನ್ನಿನಿಂದ ಹೊಸದಾಗಿ ತೆಗೆದ ವಸ್ತುವಿನ ಮೇಲೂ ಅದು ಹೀಗೆಯೇ ಮುನಿಸಿಕೊಳ್ಳುತ್ತದೆ. ಈಗ ಅಂಥ ಯಂತ್ರ ಇಟ್ಟುಕೊಂಡಿರುವ ನಮ್ಮ ಯುವಕರು ಇದನ್ನು ನೆನಪಿಡಬೇಕು.

ದೊಡ್ಡ ಅಚ್ಚು ಕುಗ್ಗಬಾರದೆಂದು ನಾವು ಪ್ಲಾಟಿನಮ್ಮಿನದನ್ನೇ ತಂದೆವು. ಮೂಲದ ಅಂಚಿನ ಸಂದುಗಳನ್ನು ಮುಚ್ಚಲು ಮನೆಯಲ್ಲಿದ್ದ ಮಕ್ಕಳ ಆಟದ ಜೇಡಿಯನ್ನು ಬಳಸಿದೆವು. ಅಂಥ ಕೆಲವು ಜೇಡಿಗಳಲ್ಲಿ ಗಂಧಕವಿರುತ್ತದೆ ಎಂಬುದನ್ನು ಓದಿ ಗೊತ್ತಿದ್ದೂ ಆ ಹೊತ್ತಿಗೆ ನಮ್ಮ ನಾಲ್ವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಮರುದಿನ ಪೆಟ್ಟಿಗೆ ಬಿಚ್ಚಿದಾಗ ಮೇಲೆ ಗಟ್ಟಿ, ಒಳಗೆ ಜೋನಿಬೆಲ್ಲ. ಸಾಲು ಸಾಲಿನ ಸಂದುಗಳಲ್ಲಿ ಸೇರಿದ್ದ ಅಂಟನ್ನು ಒರೆಸಿ ತೆಗೆಯಲು ಹೋಗಿ ಹೆಂಚುಗಳು ಕಿತ್ತುಬಂದವು. ಐದು ಶನಿವಾರದ ಕೆಲಸ ಒಂದು ರಾತ್ರಿಯಲ್ಲಿ ಹಾಳಾಯಿತು. ಅಂದು ಕಾಫಿ ಕುಡಿಯುವಾಗ ಯಾರೂ ಮಾತಾಡಲಿಲ್ಲ.

ಉಳಿಸಿದ್ದು ಒಂದೇ ವಿಷಯ. ಮೊದಲ ಒಂಟಿ ಹೆಂಚನ್ನು ಬಿಸಾಡಿರಲಿಲ್ಲ. ಹತ್ತಿ ಸುತ್ತಿ ಹಳೆಯ ಔಷಧದ ಡಬ್ಬಿಯಲ್ಲಿಟ್ಟಿದ್ದೆವು. ಅದರಿಂದ ಹೊಸ ಅಚ್ಚು ತೆಗೆದು, ಮತ್ತೆ ಅರವತ್ತು ಎರೆದು, ಈ ಸಲ ತವರದ ರಬ್ಬರನ್ನೇ ಬಳಸಿದೆವು. ಕುಗ್ಗುವಿಕೆಯಿಂದ ತೊಂದರೆಯಾಗದಂತೆ ಇಪ್ಪತ್ತೂ ತುಂಡುಗಳನ್ನು ಒಂದೇ ಅಚ್ಚಿನಿಂದ, ಹತ್ತಿರ ಹತ್ತಿರದ ದಿನಗಳಲ್ಲಿ ಎರೆದೆವು. ಹಳೆಯ ಅಚ್ಚಿನ ತುಂಡೂ ಹೊಸ ಅಚ್ಚಿನ ತುಂಡೂ ಅಕ್ಕಪಕ್ಕ ಬಂದರೆ ಸಾಲು ತಪ್ಪುತ್ತದೆ.

ಹೊಯ್ಯುವ ಕ್ರಮ

ಎಷ್ಟು ರಬ್ಬರ್ ಬೇಕೆಂದು ತಿಳಿಯಲು ಸುಲಭದ ಉಪಾಯ ಅಕ್ಕಿ. ಮೂಲವನ್ನಿಟ್ಟ ಪೆಟ್ಟಿಗೆಗೆ ಅಕ್ಕಿ ತುಂಬಿ, ಆ ಅಕ್ಕಿಯನ್ನು ಅಳತೆಯ ಲೋಟಕ್ಕೆ ಸುರಿದರೆ ಲೆಕ್ಕ ಸಿಕ್ಕಿತು. ಆಮೇಲೆ ಒಂದು ಕಾಳೂ ಉಳಿಯದಂತೆ ಪೆಟ್ಟಿಗೆಯನ್ನು ಕೊಡವಬೇಕು. ಗಟ್ಟಿ ಮಾಡುವ ದ್ರವವನ್ನು ಡಬ್ಬಿಯ ಮೇಲೆ ಬರೆದಷ್ಟೇ ತೂಗಿ ಹಾಕಬೇಕು, ಕಣ್ಣಂದಾಜು ಸಲ್ಲದು. ಕಲಸಿದ ರಬ್ಬರನ್ನು ಮೊದಲು ಬ್ರಷ್ಷಿನಿಂದ ಸಂದುಗಳಿಗೆ ಬಳಿದು, ಉಳಿದದ್ದನ್ನು ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಾಗಿ, ಒಂದೇ ಮೂಲೆಗೆ ಹೊಯ್ಯಬೇಕು. ಧಾರೆ ಸಣ್ಣದಾದಷ್ಟೂ ಗಾಳಿಗುಳ್ಳೆ ಬೀಳುವ ದಾರಿಯಲ್ಲೇ ಒಡೆಯುತ್ತದೆ. ಆಮೇಲೆ ಒಂದು ದಿನ ಮುಟ್ಟಬಾರದು. ಅತ್ಯಂತ ಕಷ್ಟದ ಭಾಗ ಇದೇ.

ರೆಸಿನ್ನಿನದು ತದ್ವಿರುದ್ಧ, ಅದಕ್ಕೆ ಆತುರ. ನಾವು ಬಳಸುವ ಪಾಲಿಯುರೆಥೇನ್ ಎರಡು ಸೀಸೆಗಳಲ್ಲಿ ಬರುತ್ತದೆ. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್ನಿನಲ್ಲಿ ಓಟೋ ಬಾಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ರಸಾಯನ ಇದು. ಎರಡನ್ನೂ ಸಮಸಮ ಕಲಸಿದ ಮೇಲೆ ಮೂರು ನಿಮಿಷದೊಳಗೆ ಹೊಯ್ದು ಮುಗಿಸಬೇಕು. ಲೋಟ ಬಿಸಿಯಾಗುತ್ತದೆ, ಜೇನಿನ ಬಣ್ಣದ ದ್ರವ ಕಣ್ಣೆದುರೇ ಬೆಳ್ಳಗಾಗಿ ಕಲ್ಲಾಗುತ್ತದೆ. ಅರ್ಧ ಗಂಟೆಗೆ ಬಿಡಿಸಬಹುದು. ಹೊಯ್ಯುವ ಮೊದಲು ಅಚ್ಚಿಗೆ ಟಾಲ್ಕಂ ಪೌಡರ್ ಸವರಿ ಕೊಡವಿದರೆ ದ್ರವ ಮೂಲೆಮೂಲೆಗೆ ಹರಿಯುತ್ತದೆ. ಸಕ್ಕರೆ ಅಚ್ಚಿನ ಮರವನ್ನು ನೆನೆಸಿದಂತೆ ಇದೂ ಒಂದು ಸಿದ್ಧತೆ. ಆದರೆ ನೀರು ಮಾತ್ರ ಇಲ್ಲಿ ಪರಮಶತ್ರು. ಸೀಸೆಯ ಒಂದು ಭಾಗವಾದ ಐಸೊಸಯನೇಟ್ ತೇವದೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಜನವರಿಯ ತೇವದಲ್ಲಿ, ಮರದ ಕಡ್ಡಿಯಿಂದ ಕಲಸಿ ನಾವು ಹೊಯ್ದ ಮೊದಲ ತುಂಡು ಹುಳಿಬಂದ ಇಡ್ಲಿಹಿಟ್ಟಿನಂತೆ ಉಬ್ಬಿ ಅಚ್ಚಿನಿಂದಾಚೆ ಬಂತು. ಅಂದಿನಿಂದ ಪ್ಲಾಸ್ಟಿಕ್ ಕಡ್ಡಿ, ತಕ್ಷಣ ಮುಚ್ಚುವ ಬಿರಡೆ, ಗ್ಯಾರೇಜಿಗೊಂದು ಹೀಟರ್.

ಕಂಬಗಳಿಗೆ ಸಕ್ಕರೆ ಅಚ್ಚಿನಂತೆ ಎರಡು ಹೋಳಿನ ಅಚ್ಚು ಬೇಕಾಯಿತು. ಕಂಬವನ್ನು ಗಂಧಕವಿಲ್ಲದ ಜೇಡಿಯಲ್ಲಿ ಅರ್ಧ ಹೂತು ಒಂದು ಹೋಳು ಎರೆದು, ತಿರುಗಿಸಿ ಜೇಡಿ ತೆಗೆದು, ವ್ಯಾಸಲೀನ್ ಸವರಿ ಇನ್ನೊಂದು ಹೋಳು ಎರೆಯುವುದು. ಸವರಲು ಮರೆತರೆ ರಬ್ಬರಿಗೆ ರಬ್ಬರ್ ಅಂಟಿ ಎರಡೂ ಒಂದಾಗುತ್ತವೆ. ರೆಸಿನ್ ಇಳಿಯಲು ಒಂದು ಬಾಯಿ, ಗಾಳಿ ಏರಲು ಇನ್ನೊಂದು ಕಿಂಡಿ ಬಿಡಬೇಕು.

ಎರಡು ಎಚ್ಚರಿಕೆಯ ಮಾತು

ಇದನ್ನು ಓದಿ ಉತ್ಸಾಹದಿಂದ ಆರಂಭಿಸುವವರು ದಯವಿಟ್ಟು ಈ ಸಾಲುಗಳನ್ನು ಹಾರಿಸಬಾರದು. ಐಸೊಸಯನೇಟಿನ ಆವಿ ಉಸಿರಾಟಕ್ಕೆ ಅಪಾಯಕಾರಿ. ಈ ದೇಶದಲ್ಲಿ ಕೆಲಸದಿಂದ ಬರುವ ಆಸ್ತಮಾಕ್ಕೆ ಅದು ಮುಖ್ಯ ಕಾರಣಗಳಲ್ಲಿ ಒಂದು. ಒಮ್ಮೆ ದೇಹ ಅದಕ್ಕೆ ಒಗ್ಗದ ಸ್ಥಿತಿಗೆ ಬಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡಬಹುದು. ಗಾಳಿಯಾಡುವ ಜಾಗ, ಆವಿಯನ್ನು ತಡೆಯುವ ಸರಿಯಾದ ಫಿಲ್ಟರ್ ಮುಖವಾಡ, ನೈಟ್ರೈಲ್ ಕೈಚೀಲ, ಕನ್ನಡಕ ಇಲ್ಲದೆ ಕೈ ಹಾಕಬಾರದು. ಉಜ್ಜುವಾಗಿನ ಧೂಳೂ ಒಳ್ಳೆಯದಲ್ಲ. ನಮ್ಮಲ್ಲಿ ಮೊದಲೇ ಆಸ್ತಮಾ ಇದ್ದವರೊಬ್ಬರನ್ನು ಎರಕದ ದಿನ ಒಳಗೆ ಬಿಡಲೇ ಇಲ್ಲ. ಅವರಿಗೆ ಅವರ ಮನೆಯಲ್ಲೇ ಬಣ್ಣ ಹಚ್ಚುವ ಕೆಲಸ ಕೊಟ್ಟೆವು. ಅಡಿಗೆಮನೆಯಿಂದ ಬಂದ ಲೋಟ, ಚಮಚ ಅಡಿಗೆಮನೆಗೆ ಹಿಂದಿರುಗಕೂಡದು. ನಮ್ಮಲ್ಲೊಬ್ಬರ ಮನೆಯ ತಕ್ಕಡಿ ಹೀಗೆ ಗ್ಯಾರೇಜು ಸೇರಿದ್ದಕ್ಕೆ ನಡೆದ ವಿಚಾರಣೆಯನ್ನು ಇಲ್ಲಿ ವಿವರಿಸುವುದಿಲ್ಲ. ಹೊಸ ತಕ್ಕಡಿ ಬಂದಿದೆ.

ಇನ್ನೊಂದು ಮಾತು ನ್ಯಾಯದ್ದು. ಇನ್ನೊಬ್ಬರು ಕಷ್ಟಪಟ್ಟು ಮಾಡಿ ಮಾರುವ ಭಾಗವನ್ನು ಕೊಂಡುತಂದು ಅಚ್ಚು ತೆಗೆದು ಹಂಚುವುದು ಕಳ್ಳತನ. ಮೂಲ ನಮ್ಮದೇ ಆಗಿರಬೇಕು.

ಗಾಜಿನ ಹೆಂಚು

ದೊಡ್ಡ ಅಚ್ಚಿನಿಂದ ಒಟ್ಟು ಇಪ್ಪತ್ತಾರು ತುಂಡು ಎರೆದೆವು. ಕೊನೆಕೊನೆಗೆ ರಬ್ಬರ್ ಒಣಗಿ ಅಂಚು ಹರಿಯಲಾರಂಭಿಸಿತು. ಆರನ್ನು ತೆಗೆದುಹಾಕಿ ಇಪ್ಪತ್ತನ್ನು ಹೊದಿಸಿದೆವು. ಬಣ್ಣದ ವಿಷಯದಲ್ಲಿ ಹಿರಿಯರ ಮಾತೇ ನಮಗೆ ದಾರಿ. "ಪ್ಲಾಟ್‌ಫಾರ್ಮಿನ ಕಡೆ ಎಂಜಿನ್ ಹೊಗೆಗೆ ಕರ್ರಗೆ, ಹಿಂದಿನ ಕಡೆ ಮಳೆಗೆ ಪಾಚಿ" ಎಂದಿದ್ದರು. ಹಾಗೆಯೇ ಮಾಡಿದೆವು.

ಮಾಡು ಮುಗಿಯಿತೆಂದು ಹೇಳಲು ಫೋನು ಮಾಡಿದಾಗ ಅವರು ಕೇಳಿದರು: "ಗಾಜಿನ ಹೆಂಚು ಹಾಕಿದ್ದೀರಾ?" ತಂದೆಯವರ ಕೋಣೆಯ ಮೇಲೆ ಒಂದು ಗಾಜಿನ ಹೆಂಚಿತ್ತಂತೆ. ಹನ್ನೊಂದು ಗಂಟೆ ಹೊತ್ತಿಗೆ ಅದರಿಂದ ಬಿದ್ದ ಬಿಸಿಲಿನ ತುಂಡು ತಂತಿ ಯಂತ್ರದ ಮೇಜಿನ ಮೇಲೆ ಬರುತ್ತಿತ್ತಂತೆ. ಫೋಟೋದಲ್ಲಿ ಅದು ಕಾಣುವುದಿಲ್ಲ. ನೆತ್ತಿಯಿಂದ ಮೂರನೆಯ ಸಾಲು ಎಂದರು.

ಮತ್ತೆ ಔಷಧದ ಡಬ್ಬಿ ತೆರೆದೆವು. ಒಂಟಿ ಹೆಂಚಿನಿಂದ ಇನ್ನೊಂದು ಹೊಸ ಅಚ್ಚು ತೆಗೆದು, ಪಾರದರ್ಶಕ ಎಪಾಕ್ಸಿ ರೆಸಿನ್ನನ್ನು ಸೂಜಿಮೊನೆಯಿಂದ ತುಂಬಿ, ಎರಡು ದಿನ ಕಾದೆವು. ಐದು ಎರೆದದ್ದರಲ್ಲಿ ಗುಳ್ಳೆಯಿಲ್ಲದ್ದು ಎರಡು. ಹೊದಿಸಿ ಮುಗಿದ ಮಾಡಿನಲ್ಲಿ ಒಂದು ಹೆಂಚನ್ನು ಕೊರೆದು ತೆಗೆದು ಅಲ್ಲಿ ಅದನ್ನು ಕೂರಿಸಿದೆವು.

ಅಕ್ಟೋಬರಿನ ಒಂದು ಸಂಜೆ ಅವರನ್ನು ಕರೆತಂದೆವು. ಕಣ್ಣು ಅಷ್ಟು ಹೊತ್ತಿಗೆ ಇನ್ನೂ ಮಂಜಾಗಿತ್ತು. ಹೆಂಚಿನ ಸಾಲುಗಳನ್ನು ಅವರು ಬೆರಳಿನಿಂದಲೇ ಹೆಚ್ಚು ನೋಡಿದರು. ಗ್ಯಾರೇಜಿನ ದೀಪ ಆರಿಸಿ, ಮಾಡಿನ ಮೇಲೆ ಟಾರ್ಚ್ ಹಿಡಿದು, ಕಿಟಕಿಗೆ ಕಣ್ಣಿಡಿ ಸಾರ್ ಎಂದೆವು. ಒಳಗೆ ನೆಲದ ಮೇಲೆ ಸಾಸಿವೆಯಷ್ಟು ಬೆಳಕು ಬಿದ್ದಿತ್ತು. ಬಹಳ ಹೊತ್ತು ಬಗ್ಗಿಯೇ ಇದ್ದರು.

ಎದ್ದು ನಿಂತು ಹೇಳಿದ್ದು ಇಷ್ಟು: "ಕಾಣಿಸ್ತು. ಆದರೆ ಮೇಜಿನ ಮೇಲೆ ಬೀಳ್ತಾ ಇಲ್ಲ. ಮೂರನೇ ಸಾಲಲ್ಲ ಕಣ್ರಪ್ಪಾ, ಐದನೇದು. ನಾನೇ ತಪ್ಪು ಹೇಳಿದೆ."

ಮುಂದಿನ ಶನಿವಾರ ಐದನೆಯ ಸಾಲಿನಲ್ಲಿ ಕೊರೆದೆವು. ಗುಳ್ಳೆಯಿಲ್ಲದ ಎರಡನೆಯ ಗಾಜಿನ ಹೆಂಚು ಅಲ್ಲಿಗೆ ಆಯಿತು. ಮೂರನೆಯ ಸಾಲಿನ ತೂತಿಗೆ ಹಾಕಲು ಒಂಟಿ ಹೆಂಚಿನ ಅಚ್ಚಿನಿಂದ ಮತ್ತೊಂದು ಕೆಂಪು ಹೆಂಚು ಎರೆದೆವು. ಈಗ ಬೆಳಕು ಮೇಜಿನ ಮೇಲೆಯೇ ಬೀಳುತ್ತದೆ.

ಸ್ಟೇಷನ್ ಈ ಸಲದ ರಾಜ್ಯೋತ್ಸವದಂದು ಸಭಾಂಗಣದ ಪ್ರವೇಶದ್ವಾರದ ಬಳಿ ಇರುತ್ತದೆ. ಮಕ್ಕಳು ಮುಟ್ಟಬಹುದು, ಟಾರ್ಚನ್ನೂ ಇಟ್ಟಿರುತ್ತೇವೆ. ದೊಡ್ಡ ಅಚ್ಚು ಸವೆದುಹೋಗಿದೆ. ಒಂಟಿ ಹೆಂಚು ಮಾತ್ರ ಔಷಧದ ಡಬ್ಬಿಯಲ್ಲಿ ಭದ್ರವಾಗಿದೆ. ತಮ್ಮ ಊರಿನ ಮನೆಯದೋ ಶಾಲೆಯದೋ ಹಳೆಯ ಫೋಟೋ ಇರುವ ಸದಸ್ಯರು ತಂದು ತೋರಿಸಿದರೆ ಸಂತೋಷ. ಫೋಟೋದಲ್ಲಿ ಕಾಣದ್ದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಮೊದಲು ಕೇಳಿ ಬರೆದುಕೊಂಡು ಬನ್ನಿ. ಹೆಂಚು ಎಷ್ಟು ಬೇಕಾದರೂ ಎರೆದುಕೊಡುತ್ತೇವೆ.